ಅಣ್ಣನಗುಡ್ಡಕ್ಕೆ ಆ ಹೆಸರು ಬಂದ ಬಗೆ

ಹಿರೇಕಣಿವೆಯ ಪಡುವಲಿಗೆ, ಕುರುಚಲು ಕಾಡಿನ ನಡುವೆ ಒಂದು ಬೋಳುಗುಡ್ಡವಿದೆ. ಸರ್ಕಾರದ ನಕ್ಷೆಯಲ್ಲಿ ಅದು ಇಂದಿಗೂ ಕರಡಿಗುಡ್ಡವೇ. ಊರಿಗೆ ಬಂದು ಆ ಹೆಸರು ಹೇಳಿ ದಾರಿ ಕೇಳಿ ನೋಡಿ, ಪಿಳಿಪಿಳಿ ಕಣ್ಣು ಬಿಡುತ್ತಾರೆ. ಅಣ್ಣನಗುಡ್ಡ ಎಂದರೆ ಮಾತ್ರ ತೊಟ್ಟಿಲ ಕೂಸೂ ಕೈ ತೋರಿಸೀತು! ನೆತ್ತಿಯ ಮೇಲೆ ಗುಡಿಯಿಲ್ಲ, ದೇವರಿಲ್ಲ. ಕಲ್ಲು ಪೇರಿಸಿದ ಒಂದು ಸಮಾಧಿ, ಅದರ ತಲೆಯ ಕಡೆ ಆಳೆತ್ತರದ ಲೋಹದ ತುಂಡು. ಅದು ವಿಮಾನದ ಬಾಲ. ಯಾರ ಅಣ್ಣನಪ್ಪಾ ಇಲ್ಲಿ ಮಲಗಿರುವುದು ಎಂದು ಕೇಳಿದರೆ, ಹಿರಿಯರು ನಿಟ್ಟುಸಿರು ಬಿಟ್ಟು ಪಾಲಮ್ಮನ ಸುದ್ದಿ ತೆಗೆಯುತ್ತಾರೆ.

ಹಿಂದೆ ಒಮ್ಮೆ, ಲೋಕವೆಲ್ಲ ಯುದ್ಧದಲ್ಲಿ ಬೇಯುತ್ತಿದ್ದ ಕಾಲದಲ್ಲಿ, ಕಾರ್ತಿಕದ ಬಿರುಮಳೆಗೆ ಸಿಕ್ಕಿದ ಒಂದು ಪುಟ್ಟ ವಿಮಾನ ಈ ಗುಡ್ಡಕ್ಕೆ ಬಡಿದು ಹೊತ್ತಿ ಉರಿಯಿತಂತೆ. ಆಡು ಮೇಯಿಸುತ್ತಿದ್ದ ಪಾಲಮ್ಮನೇ ಮೊದಲು ಓಡಿಹೋದವಳು. ಆಗ ಅವಳಿಗೆ ಇಪ್ಪತ್ತು ತುಂಬಿರಲಿಲ್ಲ. ಒಳಗಿದ್ದವನು ಒಬ್ಬನೇ, ಅವನೂ ಸುಟ್ಟು ಕರಕಲಾಗಿದ್ದ. ಪಟೇಲರು ಮೇಲಿನವರಿಗೆ ಹೇಳಿಕಳಿಸಿದರು. ಯಾರೂ ಬರಲಿಲ್ಲ. ಎರಡು ದಿನ ಕಾದು ಊರವರೇ ಮಣ್ಣು ಮಾಡಿ, ಮುರಿದುಬಿದ್ದಿದ್ದ ಬಾಲವನ್ನು ತಲೆಯ ಕಡೆ ನೆಟ್ಟರು. ಪಾಲಮ್ಮನ ಒಡಹುಟ್ಟಿದ ಬೋರಣ್ಣನೂ ಪಲ್ಟನ್ನು ಸೇರಿ ಬರ್ಮಾದ ಕಡೆ ಹೋದವನು, ಸತ್ತನೋ ಬದುಕಿದನೋ ಸುದ್ದಿಯಿರಲಿಲ್ಲ. ದುರ್ಮರಣಕ್ಕೀಡಾದ ಗಂಡಸನ್ನು ವೀರನೆಂದು ಕೂರಿಸಿ ಸೋಮವಾರ ನೀರು ಹಾಕುವುದು ಆ ಸೀಮೆಯ ಪದ್ಧತಿ. "ನಮ್ಮಣ್ಣ ಎಲ್ಲಿ ಬಿದ್ದವ್ನೋ, ಅಲ್ಲೂ ಯಾವಳಾದ್ರೂ ಒಬ್ಬಳು ನೀರು ಹಾಕಲಿ" ಎಂದುಕೊಂಡು ಅವಳು ಈ ಪರದೇಶಿಗೆ ನೀರು ಹಾಕತೊಡಗಿದಳು.

ಬರಿಯ ನೀರೇ? ಹಬ್ಬಕ್ಕೆ ಹಿತ್ತಾಳೆ ಬೆಳಗುವಂತೆ ಹುಣಸೆಹಣ್ಣು, ಬೂದಿ ಹಚ್ಚಿ ಆ ಬಾಲವನ್ನು ತಿಕ್ಕುತ್ತಿದ್ದಳು. ಉಳಿದ ತಗಡನ್ನೆಲ್ಲ ಗುಜರಿಯವರು ಹೊತ್ತೊಯ್ದರು. ಇದಕ್ಕೆ ಕೈ ಹಾಕಿದವರನ್ನು ಮಾತ್ರ ದೊಣ್ಣೆ ಹಿಡಿದು ಅಟ್ಟಿದಳು. ಹೊಗೆಯ ಕಲೆ ವರ್ಷದೊಳಗೆ ಹೋಯಿತು. ಕೆಲವು ಕರಿ ಗೆರೆಗಳು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಪಾಲಮ್ಮನೂ ಬಿಡುವ ಹೆಂಗಸಲ್ಲ; ಇಟ್ಟಿಗೆಪುಡಿ ತಂದು ಉಜ್ಜಿದಳು. ಕೊನೆಗೆ ತಗಡು ಕನ್ನಡಿಯಂತಾಯಿತು, ಅವಳಿಗೆ ಹಿಡಿಸಲಾರದಷ್ಟು ಹಿಗ್ಗಾಯಿತು.

ನಲವತ್ತು ವರ್ಷಗಳ ಮೇಲೆ ಒಂದು ಬೇಸಗೆಯಲ್ಲಿ ಜೀಪು ಬಂತು. ಇಳಿದವರು ಕೆನಡಾ ದೇಶದ ಹೇಝಲ್ ಎಂಬ ನರೆಗೂದಲಿನ ಹೆಂಗಸು, ಜೊತೆಗೆ ಅಲ್ಲಿಯವರೇ ಇಬ್ಬರು. ತಮ್ಮ ದೇಶದ ಹಳೆಯ ವಿಮಾನಗಳನ್ನೂ ಅವುಗಳನ್ನು ಹಾರಿಸಿದವರ ಚರಿತ್ರೆಯನ್ನೂ ಕೂಡಿಸಿಡುವುದು ಅವರ ಕಾಯಕ. ಶಾಲೆಯ ಓಬಯ್ಯ ಮೇಷ್ಟ್ರು ಅವರ ಮಾತನ್ನು ತಿಳಿಸಿ ಹೇಳಿದರು. ಆ ಮಳೆಯ ದಿನ ಹೇಝಲ್‌ಳ ಅಣ್ಣನೂ ಅವನ ಗೆಳೆಯನೂ ಒಂದೊಂದು ವಿಮಾನ ಹಾರಿಸಿಕೊಂಡು ಹೊರಟವರು ಮರಳಲಿಲ್ಲ. ಒಬ್ಬ ಕಡಲಿಗೆ ಬಿದ್ದ, ಒಬ್ಬ ಇಲ್ಲಿ. ಯಾರು ಎಲ್ಲಿ ಎಂಬುದು ಬಾಲದ ಮೇಲೆ ಕರಿಬಣ್ಣದಲ್ಲಿ ಬರೆದ ಸಂಖ್ಯೆಯಿಂದಷ್ಟೇ ತಿಳಿಯಬೇಕು. ಅವಳ ತಾಯಿ ಸಾಯುವಾಗಲೂ ಅದನ್ನೇ ಕೇಳಿದ್ದಳಂತೆ. ಹೇಝಲ್ ಎರಡೂ ವಿಮಾನಗಳ ಸಂಖ್ಯೆ ಬರೆದ ಚೀಟಿ ಹಿಡಿದು ಬಾಲದ ಸುತ್ತ ಮೂರು ಸಲ ಸುತ್ತಿದಳು. ಪಾಲಮ್ಮ ಮೇಷ್ಟ್ರನ್ನು ಪಕ್ಕಕ್ಕೆ ಕರೆದಳು.

"ಅದು ಬರಹ ಅಂತ ನಂಗೇನು ಗೊತ್ತು ಮೇಷ್ಟ್ರೇ? ಮಸಿ ಅಂದ್ಕೊಂಡೆ. ಈ ಕೈಯಾಗೇ ಉಜ್ಜಿ ಅಳಿಸ್ಬಿಟ್ನಲ್ಲಾ!"

"ಸುಮ್ನಿರವ್ವ. ಮಳೆಗೆ ಹೋಯ್ತು ಅಂತ ಹೇಳ್ತೀನಿ."

"ಬ್ಯಾಡ. ಆಯಮ್ಮನೂ ಅಣ್ಣನ್ನ ಕಳ್ಕೊಂಡವಳು. ನನ್ನ ಮುಂದೆ ಸುಳ್ಳು ಹೇಳ್ಬ್ಯಾಡ್ರಿ."

ಮೇಷ್ಟ್ರು ನಿಜವನ್ನೇ ಹೇಳಿದರು. ಹೇಝಲ್ ಮೊದಲು ಸಿಟ್ಟಿನಿಂದ ಮುಖ ತಿರುಗಿಸಿದಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಕೊನೆಗೆ, ಇಷ್ಟು ವರ್ಷ ನೀನು ಇವನನ್ನು ಏನೆಂದು ಕರೆಯುತ್ತಿದ್ದೆ ಎಂದು ಮೇಷ್ಟ್ರಿಂದ ಕೇಳಿಸಿದಳು. "ಅಣ್ಣ ಅಂತಿದ್ದೆ ತಾಯಿ" ಎಂದಳು ಪಾಲಮ್ಮ. ಆ ಮಾತಿನ ಅರ್ಥ ತಿಳಿದುಕೊಂಡು ಹೇಝಲ್ ಸಮಾಧಿಯ ಮೇಲೆ ಕೈಯಿಟ್ಟು ತೊದಲುತ್ತ ತಾನೂ ಹಾಗೆಯೇ ಕರೆದಳು. ಜೊತೆಯವರು ಬಾಲವನ್ನು ತಮ್ಮ ಸಂಗ್ರಹಾಲಯಕ್ಕೆ ಒಯ್ಯೋಣವೆಂದರು. ಮಲಗಿದವನು ಇಬ್ಬರಲ್ಲಿ ಯಾರೇ ಆಗಿರಲಿ, ಇಲ್ಲಿಯ ತಂಗಿಯ ಹತ್ತಿರವೇ ಇರಲಿ ಎಂದು ಹೇಝಲ್ ತಡೆದಳು. ಅಂದಿನಿಂದ ಇದು ಅಣ್ಣನಗುಡ್ಡವಾಯಿತು ಎನ್ನುತ್ತಾರೆ.

ಪಾಲಮ್ಮ ಆಮೇಲೆ ಹನ್ನೊಂದು ವರ್ಷ ಬದುಕಿದಳು. ಸೋಮವಾರದ ನೀರು ತಪ್ಪಿಸಲಿಲ್ಲ, ಆದರೆ ಸಮಾಧಿಯ ಕಲ್ಲಿಗಷ್ಟೇ, ಬಾಲವನ್ನು ಮುಟ್ಟಲಿಲ್ಲ. ಈಗ ನೋಡಹೋದವರಿಗೆ ಕಾಣುವುದು ಧೂಳು ಮೆತ್ತಿ, ಹಕ್ಕಿ ಹಿಕ್ಕೆ ಬಿದ್ದು ಮಂಕಾದ ತಗಡು. ಅಯ್ಯೋ ಪಾಪವೆಂದು ಯಾರಾದರೂ ಒರೆಸಲು ಟವೆಲು ತೆಗೆದರೆ ಸಾಕು, ಆಡು ಕಾಯುವ ಹೆಂಗಸರು ಎಲ್ಲಿದ್ದರೂ ಕೂಗುತ್ತ ಓಡಿಬರುತ್ತಾರೆ: "ಒರೆಸ್ಬ್ಯಾಡ್ರಪ್ಪೋ! ಒಂದಕ್ಷರನಾದ್ರೂ ಉಳ್ಕೊಂಡಿದ್ರೆ?"