ಮೊರ ಕೇಳಿದ ಆನೆಯಜ್ಜಿ

ಲೋಕ ಆಗಷ್ಟೇ ಆಗಿತ್ತು ಕಂದಾ, ಬೆಟ್ಟಗಳ ಮೈ ಇನ್ನೂ ಹಸಿಹಸಿ. ಗಾಳಿ, ಹೊಳೆ, ಪ್ರಾಣಿ ಎಲ್ಲಕ್ಕೂ ಮಾತು ಬರುತ್ತಿತ್ತು. ಅಷ್ಟು ದೊಡ್ಡ ಆನೆಗೆ ಮಾತ್ರ ಕಿವಿ ಹಲಸಿನೆಲೆಯಷ್ಟೇ.

ಆ ಕಾಡಿನಲ್ಲಿ ಬೊಮ್ಮಜ್ಜಿ ಅನ್ನೋ ಆನೆ ಇದ್ದಳು. ಹಿಂಡಿಗೆಲ್ಲ ಹಿರಿಯಳು. ವಯಸ್ಸಾದ ಹಾಗೆ ಅವಳಿಗೊಂದು ಕಷ್ಟ ಶುರುವಾಯಿತು. ಸದ್ದು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಒಂದು ದಿನ ಮರಿಗಳು "ಅಜ್ಜೀ, ಹುಲಿ ಬಂತು" ಅಂದವು. ಅವಳಿಗೆ ಕೇಳಿಸಿದ್ದು ಹುಳಿ. "ಯಾವ ಮರದ್ದು?" ಅಂತ ಬಾಯಿ ಚಪ್ಪರಿಸಿಕೊಂಡು ಹುಣಸೆಮರದ ಕಡೆ ಹೊರಟೇಬಿಟ್ಟಳು. ತನ್ನತ್ತಲೇ ನುಗ್ಗಿ ಬಂದವಳನ್ನು ಕಂಡು ಹುಲಿಯೇ ಗಾಬರಿಬಿದ್ದು ಓಡಿತು ಅನ್ನು. ಹಿಂಡೆಲ್ಲ ಬಿದ್ದು ಬಿದ್ದು ನಕ್ಕಿತು. ಯಾಕೆ ನಗುತ್ತಾರೆ ಅಂತ ಗೊತ್ತಾಗದೆ ಅವಳೂ ನಕ್ಕಳು.

ಆಮೇಲೆ ಯಾರೂ ಅವಳಿಗೆ ಏನೂ ಹೇಳಲು ಹೋಗಲಿಲ್ಲ. "ಏನಂದ್ರಿ?" ಅಂದರೆ "ಏನಿಲ್ಲ ಬಿಡಜ್ಜಿ" ಅನ್ನುವರು. ಆ ಮಾತೊಂದು ಮಾತ್ರ ಅವಳಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಹಿಂಡಿನ ನಡುವೆ ನಿಂತೇ ಅವಳು ಒಂಟಿಯಾದಳು. ಪಾಪ, ಬಲು ಸಂಕಟಪಟ್ಟಳು.

"ನೀನಾದರೂ ಮಾತನ್ನು ಸರಿಯಾಗಿ ತಂದುಕೊಡಬಾರದೇನೋ?" ಅಂತ ಗಾಳಿಯನ್ನು ಕೇಳಿದಳು.

"ನಾನೆಲ್ಲಿ ಆರಿಸಲಿ? ಎಲೆ ಸದ್ದು, ಹೊಳೆ ಸದ್ದು, ಮಾತು, ಎಲ್ಲ ಒಟ್ಟಿಗೇ ಹೊತ್ತು ತರ್ತೀನಿ. ಎಳೆ ಕಿವಿ ತಾನೇ ಆರಿಸಿಕೊಳ್ಳುತ್ತೆ. ಮುದಿ ಕಿವಿಗೆ ಆಗಲ್ಲ" ಅಂದಿತು ಗಾಳಿ, ಅವಳ ಕಿವಿಯೊಳಗೇ ಹೊಕ್ಕು.

ಕಾಡಂಚಿನ ಕಣದಲ್ಲಿ ಮಂಚಮ್ಮ ಅನ್ನೋ ಹೆಂಗಸು ರಾಗಿ ತೂರುತ್ತಿದ್ದಳು. ಮೊರ ಆಡಿಸಿದಂತೆ ಹೊಟ್ಟು ಹಾರಿಹೋಗಿ ಕಾಳು ಉಳಿಯುತ್ತಿತ್ತು. ಬೊಮ್ಮಜ್ಜಿ ನೋಡುತ್ತಾ ನಿಂತುಬಿಟ್ಟಳು.

"ನನಗೂ ಎರಡು ಮೊರ ಕೊಡು ತಾಯಿ. ಸದ್ದೆಲ್ಲ ತೂರಿ ಮಾತು ಉಳಿಸಿಕೊಳ್ತೀನಿ."

ಮಂಚಮ್ಮ ನಗಲಿಲ್ಲ. ಎದುರಿಗೆ ಬಂದು ನಿಂತು, ಮುಖ ನೋಡಿ, ನಿಧಾನವಾಗಿ "ಕೊಡ್ತೀನಿ. ಆದರೆ ಬೀಸ್ತಾನೇ ಇರಬೇಕು" ಅಂದಳು. ಒಂದೊಂದು ಅಕ್ಷರವೂ ತಿಳಿಯಿತು. ಬೊಮ್ಮಜ್ಜಿಗೆ ಅಳು ಬಂತು.

ಅವಳು ಕೊಟ್ಟ ಮೊರಗಳನ್ನು ಬೊಮ್ಮಜ್ಜಿ ತಲೆಯ ಎರಡೂ ಬದಿಗೆ ಅಂಟಿಸಿಕೊಂಡಳು, ಆ ಮೊರಗಳೇ ಕಿವಿಯಾದವು. ಮಾತು ದೊಡ್ಡದಾಯಿತು, ಗದ್ದಲವೂ ದೊಡ್ಡದಾಯಿತು. ಬೀಸಿ ಬೀಸಿ ಅಷ್ಟೋ ಇಷ್ಟೋ ಮಾತು ಸಿಗುತ್ತಿತ್ತು, ಉಳಿದದ್ದು ಗಾಳಿಪಾಲು. ಅಂದು ನಕ್ಕವರಿಗೂ ವಯಸ್ಸಾಯಿತು. ಅವರೂ ಒಬ್ಬೊಬ್ಬರಾಗಿ ಕಣಕ್ಕೆ ಬಂದು ಮೊರ ಬೇಡಿದರು. ಕೊನೆಕೊನೆಗೆ ಮರಿಗಳು ಮೊರದಗಲದ ಕಿವಿ ಹೊತ್ತೇ ಹುಟ್ಟತೊಡಗಿದವು.

ಈಗಲೂ ನೋಡು, ಸುತ್ತ ಯಾರೂ ಇಲ್ಲದಾಗಲೂ ಆನೆ ಕಿವಿ ಬೀಸುತ್ತಾ ನಿಂತಿರುತ್ತೆ, ಯಾರಾದರೂ ತನಗೆ ಏನಾದರೂ ಹೇಳಿಯಾರೇನೋ ಅಂತ.