ಅಳು ನಿಲ್ಲಿಸಿದ ತಾಯಿ

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ನಾನು ಮನೆ ಬಿಟ್ಟು ಇಲ್ಲಿಗೆ ಬಂದು ಎರಡು ವರ್ಷವಾಯಿತು. ತಾಯಿಗೆ ನಾನೊಬ್ಬನೇ ಮಗ. ತಂದೆಯಿಲ್ಲ. ಧ್ಯಾನಕ್ಕೆ ಕುಳಿತರೆ ಆಕೆ ಅಳುವುದು ಕಣ್ಣಿಗೆ ಕಟ್ಟುತ್ತದೆ. ಹೀಗಿರುವಾಗ ಮನಸ್ಸು ನಿಲ್ಲುವುದು ಹೇಗೆ?"

ಗುರು ಕತೆ ಹೇಳತೊಡಗಿದ.

ಕಂಬಳಿ ನೇಯುವವರ ಕೇರಿಯಲ್ಲಿ ಕೆಂಚವ್ವ ಎಂಬ ವಿಧವೆ ಇದ್ದಳು. ಅವಳ ಮಗ ಮೈಲಾರಿ. ಆ ಕೇರಿಯಲ್ಲಿ ಹೆಂಗಸರು ಉಣ್ಣೆ ನೂಲುವರು, ಗಂಡಸರು ನೆಲದ ಗುಂಡಿಯಲ್ಲಿ ಕಾಲಿಳಿಸಿ ಮಗ್ಗಕ್ಕೆ ಕೂರುವರು. ಹೆಂಗಸು ಮಗ್ಗದ ಗುಂಡಿಗೆ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಗಂಡ ಸತ್ತ ಮೇಲೆ ಕೆಂಚವ್ವ ನೂತಳು, ಮಗ ನೇಯ್ದ. ಇಬ್ಬರ ಬದುಕು ಸಾಗಿತ್ತು.

ಒಂದು ವರ್ಷ ರಾಜನ ಕಡೆಯವರು ಬಂದು ಡಂಗುರ ಹೊಡೆದರು. ಬಡಗಣ ಗಡಿಯಲ್ಲಿ ಯುದ್ಧ, ಮನೆಗೊಬ್ಬ ಆಳು ಹೊರಡಬೇಕು. ಮೈಲಾರಿ ಅರ್ಧ ನೇಯ್ದ ಕಂಬಳಿಯನ್ನು ಮಗ್ಗದ ಮೇಲೆಯೇ ಬಿಟ್ಟು ಹೊರಟ. ಎದುರು ಮನೆಯ ನಿಂಗವ್ವನ ಮಗನೂ ಅವನ ಜೊತೆಗೆ ಹೋದ.

ಕೆಂಚವ್ವ ಅತ್ತಳು. ತಲೆ ಬಾಚಲಿಲ್ಲ, ಹೊತ್ತಿಗೆ ಉಣ್ಣಲಿಲ್ಲ. ಅಭ್ಯಾಸಬಲದಿಂದ ಇಬ್ಬರಿಗೆ ಅಡುಗೆ ಮಾಡಿ, ಒಂದು ಪಾಲನ್ನು ನೋಡುತ್ತ ಕೂರುತ್ತಿದ್ದಳು. ಕೇರಿಯ ಹೆಂಗಸರು ಬಂದು ಅವಳ ಹೊಸ್ತಿಲ ಬಳಿ ಕೂತು ತಾವೂ ಅತ್ತು ಹೋಗುತ್ತಿದ್ದರು. ಹೀಗೆ ಮೂರು ತಿಂಗಳು ಕಳೆಯಿತು.

ಚಳಿಗಾಲ ಹತ್ತಿರ ಬಂದಾಗ ಒಬ್ಬ ಕುರಿಗಾಹಿ ಬಂದ. ಮಗ್ಗದ ಮೇಲಿದ್ದ ಕಂಬಳಿ ಅವನಿಗಾಗಿ ಶುರು ಮಾಡಿದ್ದು.

"ಮಗ ಬರಲಿ, ಮುಗಿಸಿ ಕೊಡುತ್ತಾನೆ" ಎಂದಳು ಕೆಂಚವ್ವ.

"ಬರಲಿ ತಾಯಿ, ಸುಖವಾಗಿ ಬರಲಿ. ಆದರೆ ನಾನು ಬಯಲಲ್ಲಿ ಮಲಗುವವನು. ಚಳಿ ಅವನಿಗಾಗಿ ಕಾಯುವುದಿಲ್ಲವಲ್ಲ" ಎಂದು ಅವನು ಹೊರಟುಹೋದ.

ಕೆಂಚವ್ವ ಆ ಅರ್ಧ ಕಂಬಳಿಯನ್ನು ನೋಡುತ್ತ ನಿಂತಳು. ನೂತ ನೂಲು ಬುಟ್ಟಿಯಲ್ಲಿ ಹಾಗೆಯೇ ಇತ್ತು. ಬಾಗಿಲು ಮುಂದೆ ಮಾಡಿ, ಸೀರೆ ಎತ್ತಿಕಟ್ಟಿ, ಗುಂಡಿಗೆ ಇಳಿದಳು. ಗಂಡ ನೇಯುವುದನ್ನು ಇಪ್ಪತ್ತು ವರ್ಷ, ಮಗ ನೇಯುವುದನ್ನು ಆರು ವರ್ಷ ನೋಡಿದ್ದಳು. ನೋಡುವುದೇ ಬೇರೆ, ಕೈ ಹಾಕುವುದೇ ಬೇರೆ ಎಂದು ಲಾಳಿ ಎರಡು ಸಲ ಕೈತಪ್ಪಿ ಬಿದ್ದಾಗ ತಿಳಿಯಿತು. ಒಂದು ಗೇಣು ನೇಯ್ದಳು. ಅಂಚು ಸೊಟ್ಟಗಾಯಿತು. ಬಿಚ್ಚಿದಳು. ಮತ್ತೆ ನೇಯ್ದಳು.

ಹಸಿವಾದಾಗ ತಲೆ ಎತ್ತಿ ನೋಡಿದಳು. ಬಿಸಿಲು ನಡುಮನೆಗೆ ಬಂದಿತ್ತು. ಗುಂಡಿಗೆ ಇಳಿದಾಗಿನಿಂದ ಅಲ್ಲಿಯವರೆಗೆ ಮಗನ ನೆನಪು ಒಮ್ಮೆಯೂ ಬಂದಿರಲಿಲ್ಲ. ತಾನು ಮರೆತ ಆ ಹೊತ್ತಿನಲ್ಲಿಯೇ ಅವನ ಮೇಲೆ ಕತ್ತಿ ಬಿದ್ದಿತೋ ಏನೋ ಎಂದು ಹೆದರಿದಳು. ಆ ದಿನ ಮತ್ತೆ ಮಗ್ಗದ ಕಡೆ ಹೋಗಲಿಲ್ಲ.

ಮಾರನೆಯ ದಿನ ಹೋದಳು. ಅದರ ಮರುದಿನವೂ ಹೋದಳು.

ಹದಿನೈದು ದಿನ ಬಿಟ್ಟು ಕುರಿಗಾಹಿಯನ್ನು ಕರೆಸಿ ಕಂಬಳಿ ಕೊಟ್ಟಳು. ಅವನು ಅಲ್ಲಿಯೇ ಹೊದ್ದು ನೋಡಿದ. "ಬೆಚ್ಚಗಿದೆ ತಾಯಿ. ಆದರೆ ಒಂದು ಕಡೆ ಗಿಡ್ಡ. ಇನ್ನು ಮೇಲೆ ನಾನು ಒಂದು ಕಾಲು ಮಡಚಿಕೊಂಡು ಮಲಗಬೇಕು" ಎಂದ. ಕೆಂಚವ್ವನಿಗೆ ನಗು ಬಂದುಬಿಟ್ಟಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ.

ನಿಂಗವ್ವ ಅದನ್ನು ಕೇಳಿಸಿಕೊಂಡು ಎದುರು ಮನೆಯಿಂದ ಎದ್ದು ಬಂದಳು. "ಮಗ ಕತ್ತಿಯ ಬಾಯಲ್ಲಿದ್ದಾನೆ. ನಿನಗೆ ನಗು ಹೇಗೆ ಬರುತ್ತದೆ ಅಕ್ಕಾ?"

"ಗೊತ್ತಿಲ್ಲ ತಂಗಿ. ಬಂತು" ಎಂದಳು ಕೆಂಚವ್ವ.

ಅಂದಿನಿಂದ ಕೇರಿಯ ಹೆಂಗಸರು ಅವಳ ಹೊಸ್ತಿಲಿಗೆ ಬರುವುದನ್ನು ಬಿಟ್ಟರು. ನಿಂಗವ್ವನ ಮನೆಗೆ ಹೋಗಿ ಅಳುತ್ತಿದ್ದರು. ಕೆಂಚವ್ವನಿಗೆ ಕೆಲವು ದಿನ ನೋವಾಯಿತು. ಆಮೇಲೆ ಹೊತ್ತು ಸಾಕಾಗದಷ್ಟು ಕೆಲಸ ಬಂತು. ಕಂಬಳಿ ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಕಾಸಿ ಹಾಕುವುದನ್ನು ಕಲಿತಳು. ಅಂಚು ನೇರವಾಯಿತು. ತಾನು ಮೆಚ್ಚುವ ಹಾಗಲಕಾಯಿಯನ್ನು ಗಂಡನಿದ್ದಾಗ ಅವಳು ಬೇಯಿಸಿರಲಿಲ್ಲ, ಮಗನಿದ್ದಾಗಲೂ ಬೇಯಿಸಿರಲಿಲ್ಲ; ಅವರಿಗೆ ಕಹಿ ಸೇರುತ್ತಿರಲಿಲ್ಲ. ಈಗ ಹಿತ್ತಲಲ್ಲಿ ಬಳ್ಳಿ ಹಬ್ಬಿಸಿ, ಎರಡು ದಿನಕ್ಕೊಮ್ಮೆ ಪಲ್ಯ ಮಾಡಿ ಹೊಟ್ಟೆ ತುಂಬ ಉಂಡಳು. ಮೈ ತುಂಬಿಕೊಂಡಳು.

ಹೆದರಿಕೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಬಡಗಲಿಗೆ ಮುಖ ಮಾಡಿ ಮಗನ ಹೆಸರನ್ನು ಒಮ್ಮೆ ಹೇಳುವಳು. ದಾರಿಯಲ್ಲಿ ಕುದುರೆಯ ಸದ್ದಾದರೆ, ಕೆಟ್ಟ ಸುದ್ದಿ ತಂದರೇನೋ ಎಂದು ಲಾಳಿ ಹಿಡಿದ ಕೈ ನಿಲ್ಲುವುದು. ಕುದುರೆ ಮನೆ ದಾಟಿ ಹೋದರೆ ಕೈ ಮತ್ತೆ ಆಡುವುದು. ಉಳಿದ ಹೊತ್ತು ಅವಳು ಸುಖವಾಗಿದ್ದಳು. ಹಾಗಿರುವುದು ತಪ್ಪೇ ಎಂದು ಮೊದಲು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು. ಕೊನೆಗೆ ಕೇಳುವುದನ್ನೂ ಬಿಟ್ಟಳು.

ಎರಡು ವರ್ಷಕ್ಕೆ ಯುದ್ಧ ಮುಗಿಯಿತು. ಒಂದು ಮಧ್ಯಾಹ್ನ ಮೈಲಾರಿ ಬಂದು ಬಾಗಿಲಲ್ಲಿ ನಿಂತ. ಮಗ್ಗದ ಸದ್ದು ಕೇಳಿ, ತಾಯಿ ಬೇರೆ ಯಾರಿಗೋ ಮನೆ ಬಿಟ್ಟುಕೊಟ್ಟಿದ್ದಾಳೆ ಎಂದುಕೊಂಡು ಬಂದಿದ್ದ. ನೋಡಿದರೆ ತಾಯಿಯೇ ಗುಂಡಿಯಲ್ಲಿ ಕೂತಿದ್ದಾಳೆ. ಕೂದಲಲ್ಲಿ ಉಣ್ಣೆಯ ಎಳೆ, ಕೆನ್ನೆ ದುಂಡಗೆ.

ಕೆಂಚವ್ವ ಮೊಣಕಾಲು ತರಚಿದ್ದೂ ತಿಳಿಯದೆ ಎದ್ದು ಬಂದಳು. ಅವನ ಮುಖ ಮುಟ್ಟಿದಳು, ತೋಳು ಮುಟ್ಟಿದಳು, ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಅತ್ತಳು, ನಕ್ಕಳು. ಎಲೆ ಹಾಕಿ ಬಡಿಸಿದಳು.

ಅವನು ಉಂಡ. ಎದುರು ಮನೆಯಿಂದ ಅಳು ಕೇಳುತ್ತಿತ್ತು. ನಿಂಗವ್ವನ ಮಗನೂ ಬಂದಿದ್ದ. ಅವಳು ಎದ್ದು ನಿಲ್ಲಲಾರದಷ್ಟು ಸೊರಗಿದ್ದಳು, ಮಗನೇ ಎತ್ತಿ ಕೂರಿಸಬೇಕಾಯಿತು. ತಾಯಿ ಎಂದರೆ ಅವಳು ಎಂದು ಕೇರಿಯೆಲ್ಲ ಕೊಂಡಾಡಿತು.

ಮೈಲಾರಿ ಕೈ ತೊಳೆದು ಕೇಳಿದ: "ನಾನು ಸತ್ತುಹೋಗಿದ್ದರೂ ನೀನು ಹೀಗೆಯೇ ನೇಯುತ್ತಿದ್ದೆಯಾ ಅವ್ವಾ?"

ಇಲ್ಲ ಎಂದಿದ್ದರೆ ಸಾಕಿತ್ತು. ಆ ಮಾತು ಅವಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎರಡು ವರ್ಷ ಕಾಯಿಸಿ ಬಂದ ಮಗನಿಗೆ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಎಷ್ಟು ದಿನ ಬಿದ್ದಿರುತ್ತಿದ್ದೆನೋ ಗೊತ್ತಿಲ್ಲ. ಎದ್ದ ಮೇಲೆ ನೇಯುತ್ತಿದ್ದೆ" ಎಂದಳು.

ಅವನು ಹೊರಗೆ ನಡೆದ. ಊರ ಹೊರಗಿನ ಅರಳಿಕಟ್ಟೆಯ ಮೇಲೆ ಮೂರು ದಿನ ಕೂತ. ಕೆಂಚವ್ವ ಬಾ ಎಂದು ಬೇಡಲಿಲ್ಲ. ಹೊತ್ತು ಹೊತ್ತಿಗೆ ರೊಟ್ಟಿ ಕಟ್ಟಿಕೊಂಡು ಹೋಗಿ ಪಕ್ಕದಲ್ಲಿ ಇಟ್ಟು, ಉಣ್ಣುವವರೆಗೆ ಕೂತಿದ್ದು ಬರುತ್ತಿದ್ದಳು.

ಮೂರನೆಯ ದಿನ ಅವನು ಬಾಯಿ ಬಿಟ್ಟ: "ಅಲ್ಲಿ ಗಾಯವಾಗಿ ಬಿದ್ದಾಗ ನನಗೆ ಒಂದೇ ಆಸರೆ ಇತ್ತು. ನನ್ನ ಅವ್ವ ನನಗಾಗಿ ಅಳುತ್ತಿದ್ದಾಳೆ ಎಂದುಕೊಂಡೇ ಜೀವ ಹಿಡಿದೆ. ಬಂದು ನೋಡಿದರೆ ನೀನು ಅಳುತ್ತಲೇ ಇರಲಿಲ್ಲ."

"ನನ್ನ ಅಳು ನಿನ್ನನ್ನು ಬದುಕಿಸಿತು ಎಂದರೆ ಸಂತೋಷ. ಮೂರು ತಿಂಗಳು ಅತ್ತದ್ದು ದಂಡವಾಗಲಿಲ್ಲ" ಎಂದಳು ಕೆಂಚವ್ವ. "ಆದರೆ ಅವ್ವ ಉಂಡಳೋ ಇಲ್ಲವೋ ಎಂದು ಒಂದು ದಿನವಾದರೂ ನೆನೆದೆಯಾ ಮಗಾ?"

ಮೈಲಾರಿ ತಾಯಿಯ ಕೈ ನೋಡಿದ. ಲಾಳಿ ಹಿಡಿದು ಹಿಡಿದು ಹೆಬ್ಬೆರಳ ಬುಡ ಜಡ್ಡುಗಟ್ಟಿತ್ತು. ತಂದೆಯ ಕೈಯಲ್ಲಿ ಅಂಥ ಜಡ್ಡನ್ನು ಅವನು ಕಂಡಿದ್ದ, ತನ್ನ ಕೈಯಲ್ಲಿಯೂ ಇತ್ತು. ತಾಯಿಯ ಕೈಯಲ್ಲಿ ಕಂಡದ್ದು ಅದೇ ಮೊದಲು. ಅವನು ರೊಟ್ಟಿಯ ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ತಾಯಿಯ ಹಿಂದೆ ಮನೆಗೆ ನಡೆದ.

ಆ ಮಧ್ಯಾಹ್ನ ಅವಳು ನೇಯುತ್ತಿರುವಾಗ ಅವನು ಮಗ್ಗದ ಪಕ್ಕದಲ್ಲಿಯೇ ಮಲಗಿ ನಿದ್ದೆ ಹೋದ. ಕುದುರೆಗಳು ಹಾದುಹೋದವು, ಅವನು ಏಳಲಿಲ್ಲ. ಅವಳ ಕೈಯೂ ನಿಲ್ಲಲಿಲ್ಲ. ಮುಂದಿನ ತಿಂಗಳು ಅವನು ನಡುಮನೆಯಲ್ಲಿ ಇನ್ನೊಂದು ಗುಂಡಿ ತೋಡಿ ಎರಡನೆಯ ಮಗ್ಗ ಹೂಡಿದ. ತಾಯಿ ಮಗ ಎದುರುಬದುರಾಗಿ ಕೂತು ಬಹಳ ಕಾಲ ನೇಯ್ದರು. ಹಾಗಲಕಾಯಿ ತಿನ್ನುವುದನ್ನು ಅವನು ಕಲಿಯಲಿಲ್ಲ, ಬೇಯಿಸುವುದನ್ನು ಅವಳು ಬಿಡಲಿಲ್ಲ.

ಗುರು ಕತೆ ಮುಗಿಸಿದ. ಶಿಷ್ಯ ಮೆಲ್ಲಗೆ ಕೇಳಿದ: "ಹಾಗಾದರೆ ನನ್ನ ತಾಯಿಯೂ ಇಷ್ಟು ಹೊತ್ತಿಗೆ ಅಳು ನಿಲ್ಲಿಸಿರಬಹುದೇ?"

ಗುರು ಅವನ ಮುಖವನ್ನೇ ನೋಡಿ ಹೇಳಿದ: "ನಿಲ್ಲಿಸಿರಬಹುದು, ಅದಕ್ಕೇಕೆ ನಿನ್ನ ಮುಖ ಬಾಡಿತು?"