ಟಿಟ್ಟಿಭ ಕೇಳಿದ ಪ್ರಶ್ನೆಗಳು

ರಾಗಿ ಹೊಲದ ಬದುವಿನಲ್ಲಿ ನಿಂಗಜ್ಜನೆಂಬ ಮುದಿ ಇಲಿಯ ಬಳಗ ಬಿಲ ಮಾಡಿಕೊಂಡಿತ್ತು. ಕೇರೆಹಾವಿನ ಕಾಟ ಹೆಚ್ಚಿದಾಗ, ಮರಿಗಳಿಗೆ ತಪ್ಪಿಸಿಕೊಳ್ಳುವ ವಿದ್ಯೆ ಕಲಿಸುತ್ತೇನೆಂದು ಟಿಟ್ಟಿಭ ಹಕ್ಕಿ ತಾನಾಗಿಯೇ ಬಂದಿತು. ಆದರೆ ಪಾಠಕ್ಕೆ ಮೊದಲು ಅದು ಕೇಳಿದ್ದೆಲ್ಲ ಪ್ರಶ್ನೆಗಳೇ: "ಬಿಲಕ್ಕೆ ಬಾಗಿಲೆಷ್ಟು? ಹಾವು ಯಾವ ದಿಕ್ಕಿನಿಂದ ಬರುತ್ತದೆ? ಓಟದಲ್ಲಿ ಹಿಂದೆ ಬೀಳುವ ಮರಿಗಳು ಯಾವುವು?"

ನಿಂಗಜ್ಜನ ಮೀಸೆ ನಿಮಿರಿತು. ಕಲಿಸಲು ಬಂದವರಿಗೆ ಮನೆಯ ಗುಟ್ಟೇಕೆ? ಈ ಹಕ್ಕಿಯನ್ನು ಹಾವೇ ಕಳಿಸಿರಬೇಕು.

"ಇದನ್ನೆಲ್ಲ ಯಾಕೆ ಕೇಳುತ್ತೀಯಮ್ಮ?"

"ನಿಮ್ಮ ಕಷ್ಟ ತಿಳಿಯದೆ ಪಾಠ ಹೇಗೆ ಹೊಂದಿಸಲಿ, ಅಜ್ಜಾ?"

"ಹಾವು ಬರುವುದು ಪೂರ್ವದಿಂದ" ಎಂದು, ಅದರ ದಾರಿ ತನಗೆ ಗೊತ್ತೆಂಬ ಸುದ್ದಿ ಹಾವಿಗೆ ಮುಟ್ಟದಿರಲೆಂದು, ಅವನು ಸುಳ್ಳು ಹೇಳಿದ. ನಿಜವಾಗಿ ಅದು ಬರುತ್ತಿದ್ದುದು ಪಶ್ಚಿಮದಿಂದ. ಕಣ್ಣಾರೆ ಕಂಡವನು ಅವನೊಬ್ಬನೇ.

ಟಿಟ್ಟಿಭ ಆ ಮಾತನ್ನು ನಂಬಿ ಪಾಠ ಕಟ್ಟಿತು. ತಾನು ಕೂಗಿದೊಡನೆ ಮರಿಗಳು ಪಶ್ಚಿಮದ ಬಾಗಿಲಿಗೆ ಓಡಬೇಕು. ದಿನಕ್ಕೆ ಹತ್ತು ಸಲ ಓಡಿಸಿ ನೋಡಿತು. ನಿಧಾನದ ಮರಿಗಳೆರಡನ್ನು ಎಲ್ಲಕ್ಕಿಂತ ಮುಂದೆ ನಿಲ್ಲಿಸಿತು. ನಿಂಗಜ್ಜ ಮರೆಯಲ್ಲಿ ನಿಂತು ಹಕ್ಕಿಯ ಮೇಲೆ ಕಣ್ಣಿಟ್ಟ. ತಪ್ಪೇನೂ ಕಾಣಲಿಲ್ಲ. ಆದರೂ ಇನ್ನೊಂದು ದಿನ ನೋಡೋಣವೆಂದು ಬಾಯಿ ಮುಚ್ಚಿಕೊಂಡ.

ಮರುದಿನ ಪೈರಿನಲ್ಲಿ ಸರಸರ ಸದ್ದಾಯಿತು. ಟಿಟ್ಟಿಭ ಕೂಗಿತು. ಮರಿಗಳು ಕಲಿತಂತೆಯೇ, ಒಂದೂ ಎಡವದೆ, ಪಶ್ಚಿಮಕ್ಕೆ ಓಡಿದವು. ಮುಂದಿದ್ದ ಎರಡೂ ಹಾವಿನ ಪಾಲಾದವು.

"ನನ್ನ ಪಾಠ ಎಲ್ಲಿ ತಪ್ಪಿತು, ಅಜ್ಜಾ?" ಎಂದು ಹಕ್ಕಿ ಅತ್ತಿತು.

ನಿಂಗಜ್ಜ ಉಳಿದ ಮರಿಗಳ ಎದುರೇ ತಲೆತಗ್ಗಿಸಿದ. "ಪಾಠ ತಪ್ಪಲಿಲ್ಲ, ತಾಯಿ. ಮಕ್ಕಳು ಕಲಿತದ್ದು ನನ್ನ ಸುಳ್ಳನ್ನು."